ಸ್ಪ್ರೇ ರೂಮಿನವರಿಗೆ ಹೇಳಿದ ಕಥೆ

ಫೆಬ್ರವರಿ 3, ಸೋಮವಾರ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಪೆದ್ದಮ್ಮ, ಅಮ್ಮನ ಅಕ್ಕ. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ನಡುಮನೆ ತುಂಬ ಕಡಲೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದಾಗ. ಇವತ್ತು ಅದನ್ನೇ ಫ್ಯಾಕ್ಟರಿಯ ಟ್ರೇನಿಂಗ್ ರೂಮಿನಲ್ಲಿ ಹೇಳಿದೆ. ಆಡಿಟ್‌ಗೋಸ್ಕರ.

ಎಂಟೂವರೆಗೆ ಪಂಚ್. ಒಂಬತ್ತಕ್ಕೆ ಹೊಸ ಬ್ಯಾಚು — ನೇರ ಹೊಲಿಗೆ, ಸೂಜಿ ಮುರಿದರೆ ಚೂರೆಲ್ಲ ಹುಡುಕಿ ಒಪ್ಪಿಸುವುದು, ನಾನು ಯಾವಾಗಲೂ ಹೇಳಿಕೊಡುವ ಅದೇ ಪಾಠ. ಹತ್ತಕ್ಕೆ ಎಚ್‌ಆರ್ ಮ್ಯಾನೇಜರ್ ಅಚ್ಯುತ್ ಸರ್ ಕರೆದರು. ಮೇಜಿನ ಮೇಲೆ ಹದಿನೆಂಟು ಪ್ರಶ್ನೆಗಳ ಹಾಳೆ. ನಮ್ಮ ಜೀನ್ಸ್ ಕೊಳ್ಳುವ ಹೊರದೇಶದ ಕಂಪನಿ ಆಡಿಟರನ್ನು ಕಳಿಸುತ್ತಿದೆ. ಹತ್ತರಿಂದ ಇಪ್ಪತ್ತೊಂದನೇ ತಾರೀಕಿನೊಳಗೆ ಯಾವ ದಿನ ಬೇಕಾದರೂ ಬರಬಹುದು. ಹೆಂಗಸರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳುತ್ತಾರೆ. ಉತ್ತರ ಬಾಯಿಪಾಠ ಆಗಿರಬೇಕು.

"ಹೋದ ಸಲ ಏನಾಯ್ತು ಗೊತ್ತಲ್ಲ ಮುನಿಲಕ್ಷ್ಮಿ? ಮಾಸ್ಕ್ ಕೊಡ್ತಾರಾ ಅಂದ್ರೆ, 'ದಿನಾ ಎರಡು ಸಲ, ಊಟ ಆದ್ಮೇಲೆ' ಅಂದ್ಲು ಒಬ್ಳು."

"ಗಾಬರಿಯಾಗಿದ್ಲು ಸರ್."

"ನೀವು ಕಥೆ ಹೇಳಿದ್ರೆ ಜನ ಮರೆಯಲ್ಲ. ಇದನ್ನೂ ಕಥೆ ಥರ ಹೇಳಿಕೊಡಿ."

ಪೆದ್ದಮ್ಮನ ಕಥೆ ನೆನಪಾಯಿತು. ಮದುವೆಯಾದ ತಂಗಿಯನ್ನು ನೋಡಲು ಅಣ್ಣ ಬರುತ್ತಾನೆ. ಅತ್ತೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ. ಮೂವತ್ತು ಜನಕ್ಕೆ ಹೇಳಿದೆ — ಆಡಿಟರ್ ಅಂದರೆ ತವರಿನಿಂದ ಬಂದ ಅಣ್ಣ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡ್ತಾರಾ, ತಂಗಿ?

"ಬಿಡ್ತಾರೆ ಅಣ್ಣ."

ಬೈತಾರಾ?

"ಇಲ್ಲ ಅಣ್ಣ."

ಅರ್ಧ ಗಂಟೆಯಲ್ಲಿ ಹದಿನೆಂಟೂ ಮುಗಿದವು. ನಾನು ಹೇಳಿಕೊಡಬೇಕಾದದ್ದೇನೂ ಇರಲಿಲ್ಲ. ಎಲ್ಲರಿಗೂ ಮೊದಲೇ ಬರುತ್ತಿತ್ತು.

'ಚೆನ್ನಾಗಿದೀನಿ ಅಣ್ಣ' ಎನ್ನುವಲ್ಲಿ ನಿಲ್ಲಿಸಿದೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೆಲ್ ಆಯಿತು ಎಂದೆ.

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ 6

ಚೈತ್ರ ಕೆಮ್ಮುತ್ತಿದ್ದಾಳೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೆಮ್ಮುತ್ತಾಳೆ, ನನಗೆ ಕೇಳಿಸಬಾರದೆಂದು.

ಅಕ್ಕನ ಮಗಳು. ಇಪ್ಪತ್ತು ವರ್ಷ. ಊರಿಂದ ಗೌರಿಬಿದನೂರಿಗೆ ಕರೆತಂದು ಮನೆಯಲ್ಲಿಟ್ಟುಕೊಂಡು ಕೆಲಸಕ್ಕೆ ಸೇರಿಸಿದವಳು ನಾನೇ. ಹೊಲಿಗೆಯಲ್ಲಿ ಜಾಗ ಇಲ್ಲವೆಂದು ಸ್ಪ್ರೇ ರೂಮಿಗೆ ಹಾಕಿದರು. ಒಂದು ತಿಂಗಳು ಅಂದಿದ್ದರು. ಒಂಬತ್ತು ಆಯಿತು.

ಜೀನ್ಸು ಮಂಡಿಯ ಹತ್ತಿರ, ತೊಡೆಯ ಹತ್ತಿರ ಸವೆದು ಬಿಳಿಚಿದಂತೆ ಕಾಣಬೇಕು. ಹೊಸ ಬಟ್ಟೆ, ಹಳೆಯದರ ಹಾಗೆ. ಅದಕ್ಕೆ ನೇರಳೆ ಬಣ್ಣದ ನೀರನ್ನು ಗನ್ನಿನಲ್ಲಿ ಹೊಡೆಯುತ್ತಾರೆ. ಹೆಸರು ಉದ್ದ ಇದೆ, ಎಲ್ಲರೂ ಪಿಪಿ ಅನ್ನುತ್ತಾರೆ. ಗಾಳಿ ಎಳೆಯುವ ಫ್ಯಾನು ದಸರಾದಿಂದ ಕೆಟ್ಟಿದೆ. ಹನ್ನೊಂದು ಜನ ಮುಖಕ್ಕೆ ದುಪಟ್ಟಾ ಕಟ್ಟಿಕೊಂಡು ನಿಲ್ಲುತ್ತಾರೆ. ಬೆರಳು, ಅಂಗೈ, ಉಗುರಿನ ಸುತ್ತ ಎಲ್ಲ ಕಂದು. ಮುದ್ದೆ ಮುರಿಯುವಾಗ ಚೈತ್ರ ಎಡಗೈ ಮಡಿಲಲ್ಲಿಟ್ಟುಕೊಳ್ಳುತ್ತಾಳೆ.

ಜೀನ್ಸಿಗೆ ಕಟ್ಟುವ ಟ್ಯಾಗಿನ ಮೇಲೆ ಹಸಿರು ಎಲೆ. ಪಿಪಿ ಬಳಸಿಲ್ಲ, ಲೇಸರ್ ಮೆಷಿನ್ನಿನಲ್ಲಿ ಮಾಡಿದ್ದು ಎಂದು ಬರೆದಿದೆ. ಮೆಷಿನ್ ಇದೆ. ಒಂದೇ ಒಂದು. ದಿನಕ್ಕೆ ಇನ್ನೂರು ಪೀಸು ಮುಗಿಸುತ್ತದೆ. ಕೊಳ್ಳುವ ಕಂಪನಿ ಕೇಳುವುದು ಎರಡು ಸಾವಿರ.

ಫೆಬ್ರವರಿ 6, ಗುರುವಾರ

ಅಚ್ಯುತ್ ಸರ್ ಬಾಗಿಲು ಹಾಕಿ ಮಾತಾಡಿದರು. ಆಡಿಟ್ ದಿನ ಸ್ಪ್ರೇ ರೂಮಿನ ಬಾಗಿಲಿಗೆ ರಟ್ಟಿನ ಪೆಟ್ಟಿಗೆ ಜೋಡಿಸುತ್ತಾರೆ. ಹನ್ನೊಂದು ಜನ ಪ್ಯಾಕಿಂಗ್ ಮೇಜಿಗೆ. ಯಾರು ಕೇಳಿದರೂ 'ಪ್ಯಾಕಿಂಗ್' ಅನ್ನಬೇಕು. ಅವರನ್ನು ಬೇರೆಯಾಗಿ ಕೂರಿಸಿ ತಯಾರು ಮಾಡಬೇಕಾದವಳು ನಾನು.

"ನಿಮ್ಮ ಅಕ್ಕನ ಮಗಳು ಅಲ್ಲೇ ಇದಾಳಲ್ಲ? ಆಡಿಟ್ ಪಾಸಾಗ್ಲಿ, ಮಾರನೇ ದಿನ ಹೊಲಿಗೆ ಲೈನಿಗೆ ಹಾಕ್ತೀನಿ. ನನ್ನ ಮಾತು."

"ಫೇಲ್ ಆದ್ರೆ ಸರ್?" ಎಂದೆ.

"ಫೇಲ್ ಆದ್ರೆ ಬೈಯರ್ ಬೇರೆ ಫ್ಯಾಕ್ಟರಿ ನೋಡ್ಕೋತಾನೆ ಅಷ್ಟೆ. ಅವನಿಗೇನು? ಆರುನೂರು ಹೆಂಗಸ್ರು ಮನೇಲಿ ಕೂತ್ಕೋತಾರೆ. ನಾನೂ ಕೂತ್ಕೋತೀನಿ." ಶುಗರ್ ಮಾತ್ರೆ ನುಂಗಿ ನೀರು ಕುಡಿದರು. ಕೆಟ್ಟವರಲ್ಲ. ಅದೇ ಕಷ್ಟ.

ಒಪ್ಪಿಕೊಂಡೆ.

ಫೆಬ್ರವರಿ 10, ಸೋಮವಾರ

ಇವತ್ತಿಂದ ಯಾವ ದಿನ ಬೇಕಾದರೂ. ಗೇಟಿನಲ್ಲಿ ಹಾರ್ನ್ ಕೇಳಿದರೆ ಕಿಟಕಿಗೆ ಹೋಗಿ ನೋಡುತ್ತೇನೆ. ಟಾಯ್ಲೆಟ್ಟಿಗೆ ಸೋಪು ಬಂತು. ಫಸ್ಟ್‌ಏಡ್ ಪೆಟ್ಟಿಗೆಯ ಕೀ ಸಿಕ್ಕಿತು. ಹನ್ನೊಂದೂವರೆಗೆ ಬಿಳಿ ಕಾರೊಂದು ನಿಂತಿತು, ಲೈನಿನಲ್ಲಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತರು — ವಿದುರಾಶ್ವತ್ಥಕ್ಕೆ ದಾರಿ ಕೇಳಲು ಬಂದವರು.

ಹೊಲಿಗೆಯವರಿಗೆಲ್ಲ ಹೊಸ ಮಾಸ್ಕ್ ಹಂಚಿದರು. ಸ್ಪ್ರೇ ರೂಮಿಗೆ ಇಲ್ಲ. ಕಾಗದದಲ್ಲಿ ಆ ರೂಮೇ ಇಲ್ಲವಲ್ಲ.

ಊಟದ ನಂತರ ಹನ್ನೊಂದು ಜನಕ್ಕೆ ಕಥೆ. ಯಾರು ಕೇಳಿದರೂ 'ಪ್ಯಾಕಿಂಗ್' ಅನ್ನಿ ಎಂದು ಮೊದಲೇ ಹೇಳಿದೆ. ಸುಬ್ಬಲಕ್ಷ್ಮಮ್ಮ ಅವರಲ್ಲಿ ಹಿರಿಯವಳು. ಬಾಯಿ ಜೋರು.

"ಏನ್ ಕೆಲ್ಸ ಮಾಡ್ತೀಯ ತಂಗಿ?" ಎಂದೆ ಅಣ್ಣನ ದನಿಯಲ್ಲಿ.

"ಪ್ಯಾಕಿಂಗ್ ಅಣ್ಣ. ಬೆಳಗಿಂದ ಸಾಯಂಕಾಲದವರೆಗೂ ಗಾಳೀನ ಪ್ಯಾಕ್ ಮಾಡಿ ಎದೇಲಿ ಇಟ್ಕೊಳ್ತೀವಿ."

ಎಲ್ಲರೂ ನಕ್ಕರು. ನಗು ಕೆಮ್ಮಾಯಿತು. ಒಬ್ಬರಿಂದ ಒಬ್ಬರಿಗೆ ಹತ್ತಿ, ನಿಲ್ಲಲು ಸುಮಾರು ಹೊತ್ತು ಹಿಡಿಯಿತು.

"ಆಮೇಲೆ? ಅಣ್ಣ ಏನ್ ಮಾಡ್ದ?" ಎಂದಳು ಮೌನಿಕಾ, ಚೈತ್ರಳ ಪಕ್ಕದ ಗನ್ನಿನವಳು.

"ಇವತ್ತಿಗೆ ಇಷ್ಟೇ ಕಣೇ."

ಫೆಬ್ರವರಿ 13, ಗುರುವಾರ

ಚೈತ್ರಳನ್ನು ಕ್ಲಿನಿಕ್ಕಿಗೆ ಕರೆದೊಯ್ದೆ. ಮೆಟ್ಟಿಲು ಹತ್ತಲು ಎರಡು ಸಲ ನಿಂತಳು.

ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಏನಮ್ಮ ಕೆಲ್ಸ?"

"ಪ್ಯಾಕಿಂಗ್."

ತಡವರಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕೈ ಸೆರಗಿನೊಳಗೆ.

"ಧೂಳು ಗೀಳು ಇರತ್ತಾ?"

"ಇಲ್ಲ ಸಾರ್. ಚೆನ್ನಾಗಿದೆ."

ಅವರು ಅಲರ್ಜಿ ಎಂದು ಬರೆದರು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಕ್ಲಿನಿಕ್ಕಿನ ಹೊರಗೆ ನಮ್ಮ ಫ್ಯಾಕ್ಟರಿಯವರೇ ನಾಲ್ಕು ಜನ ಕೂತಿದ್ದರು.

ಆಟೋದಲ್ಲಿ ಕೇಳಿದೆ. "ಡಾಕ್ಟ್ರ ಹತ್ರ ಯಾಕೆ ಹಂಗಂದೆ?"

"ನೀನೇ ಅಲ್ವಾ ಚಿಕ್ಕಮ್ಮ, ಯಾರು ಕೇಳಿದ್ರೂ ಅಂದಿದ್ದು?"

ಯಾರು ಕೇಳಿದರೂ. ಹೌದು, ಅಂದಿದ್ದೆ.

ಫೆಬ್ರವರಿ 16, ಭಾನುವಾರ

ಮಂಚೇನಹಳ್ಳಿ ಬಸ್ಸು ಹಿಡಿದು ಪೆದ್ದಮ್ಮನ ಊರಿಗೆ ಹೋದೆ. ಕಣ್ಣು ಮಂಜಾಗಿದೆ, ಕಿವಿ ಚುರುಕು. ಅವರೆಕಾಯಿ ಬಿಡಿಸುತ್ತಿದ್ದಳು.

"ರಾ ತಲ್ಲಿ, ಬಾ ತಾಯಿ. ಕಥೆ ಹೇಳೋಕೆ ಸಂಬಳ ಕೊಡ್ತಾರಂತೆ ನಿನಗೆ?" ಯಾರು ಹೇಳಿದರೋ. "ಯಾವ ಕಥೆ?"

ಅಣ್ಣ ತಂಗಿ ಕಥೆ ಎಂದೆ. ಎಲ್ಲಿ ನಿಲ್ಲಿಸುತ್ತೇನೆ ಎಂಬುದನ್ನೂ ಹೇಳಿದೆ. ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಿದಳು.

"ಅಲ್ಲಿಗೆ ನಿಲ್ಸಿದ್ರೆ ಅದು ಅತ್ತೆ ಹೇಳೋ ಕಥೆ ಕಣೇ."

ಚೈತ್ರಳನ್ನು ಹೊಲಿಗೆಗೆ ಹಾಕ್ತೀನಿ ಅಂದಿದಾರೆ, ಇನ್ನು ಸ್ವಲ್ಪ ದಿನ, ಎಂದೆ.

"ಅವಳು ಎದ್ದ ಜಾಗದಲ್ಲಿ ಯಾರು ನಿಂತ್ಕೋತಾರೆ?"

ಗೊತ್ತಿಲ್ಲ ಎಂದೆ. ಇಬ್ಬರೂ ಅವರೆಕಾಯಿ ಬಿಡಿಸಿದೆವು. ಹೊರಡುವಾಗ ಬಿಡಿಸಿದ ಕಾಳನ್ನು ಡಬ್ಬಿಗೆ ತುಂಬಿ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಬಸ್ಸಿನಲ್ಲಿ ನಿದ್ದೆ ಬರುತ್ತಿತ್ತೇನೋ.

ಫೆಬ್ರವರಿ 17, ಸೋಮವಾರ. ಸಂಜೆ 6

ನಾಳೆ. ಅಚ್ಯುತ್ ಸರ್‌ಗೆ ಯಾರೋ ಬೆಂಗಳೂರಿಂದ ಫೋನ್ ಮಾಡಿ ತಿಳಿಸಿದರಂತೆ.

ಮೂರು ಗಂಟೆಗೆ ಹನ್ನೊಂದು ಜನವನ್ನೂ ಟ್ರೇನಿಂಗ್ ರೂಮಿಗೆ ಕರೆಸಿದರು. ಒಂದು ಚೀಲ ನಿಂಬೆಹಣ್ಣು ತರಿಸಿದ್ದರು. ಹುಳಿಗೆ ಪಿಪಿ ಕಲೆ ಬಿಡುತ್ತದೆ. ತಲೆಗೆ ಐದೈದು.

"ಬೆಳಿಗ್ಗೆ ಚೆನ್ನಾಗಿ ಉಜ್ಜಿಕೊಂಡು ಬನ್ನಿ. ಉಗುರಿನ ಸಂದೀಲೂ. ಮುನಿಲಕ್ಷ್ಮಿ, ಇನ್ನೊಂದು ಸಲ ಕಥೆ ಹೇಳ್ಬಿಡಿ, ನೆನಪಿರಲಿ." ಫೋನ್ ಬಂತು, ಹೊರಗೆ ಹೋದರು.

ಹೇಳಿದೆ. ಚೆನ್ನಾಗಿದೀನಿ ಅಣ್ಣ ಎನ್ನುವಲ್ಲಿಗೆ ಬಂದೆ. ಎಲ್ಲರೂ ನಿಂಬೆಹಣ್ಣು ಹಿಡಿದುಕೊಂಡು ನನ್ನ ಬಾಯಿ ನೋಡುತ್ತಿದ್ದರು. ಚೈತ್ರ ನೆಲ ನೋಡುತ್ತಿದ್ದಳು. ನಿಲ್ಲಿಸಲು ಆಗಲಿಲ್ಲ.

ಅಣ್ಣ ಎದ್ದು ಬಾಗಿಲ ತನಕ ಹೋದ. ತಂಗಿ ನೀರಿನ ಚೊಂಬು ಕೊಡುವಾಗ ಕೈಯನ್ನು ಸೆರಗಲ್ಲಿ ಮುಚ್ಚಿಕೊಂಡಿದ್ದು ನೆನಪಾಯಿತು. ಬೀದಿಯಲ್ಲಿ ಹೋಗುತ್ತಿದ್ದ ಬಳೆಗಾರನನ್ನು ಕರೆದ. ನನ್ನ ತಂಗಿಗೆ ಬಳೆ ತೊಡಿಸಪ್ಪ. ಇನ್ನು ಕೈ ಚಾಚದೆ ಆಗುತ್ತದೆಯೇ? ಚಾಚಿದಳು. ಎರಡು ಅಂಗೈಯೂ ಸುಟ್ಟು ಬೊಬ್ಬೆ. ಆಗಲೂ ಅವಳು ಹೇಳುತ್ತಲೇ ಇದ್ದಳು — ಚೆನ್ನಾಗಿದೀನಿ ಅಣ್ಣ.

"ಕರ್ಕೊಂಡು ಹೋದ್ನಾ?" ಮೌನಿಕಾ.

"ಕರ್ಕೊಂಡ್ ಹೋದ್ರೆ ಅತ್ತಿಗೆ ಎಷ್ಟು ದಿನ ಅನ್ನ ಹಾಕ್ತಾಳೆ?" ಸುಬ್ಬಲಕ್ಷ್ಮಮ್ಮ. "ಬಿಟ್ಟೋದ್ರೆ ಅತ್ತೆ ಇನ್ನೂ ಸುಡ್ತಾಳೆ. ಅವನು ನೋಡ್ದೇ ಇದ್ದಿದ್ರೇ ವಾಸಿ."

ಕರೆದುಕೊಂಡೂ ಹೋಗಲಿಲ್ಲ, ಬಿಟ್ಟೂ ಹೋಗಲಿಲ್ಲ ಎಂದೆ. ಹೆಗಲ ಗಂಟು ಇಳಿಸಿ ಜಗಲಿ ಮೇಲೆ ಕೂತ. 'ಅತ್ತೆಮ್ಮ, ಇವಳ ಕೈ ವಾಸಿ ಆಗೋವರೆಗೂ ನಾನಿಲ್ಲೇ ಇರ್ತೀನಿ. ಒಲೆ ಹೆಂಗೆ ಹಚ್ಚೋದು ಅಂತ ಇಬ್ರೂ ಸೇರಿ ನೋಡಣ.' ಮೂರು ತಿಂಗಳು ಕೂತ.

"ಅಂಥ ಅಣ್ಣ ಎಲ್ಲಿದಾನಮ್ಮ," ಎಂದಳು ಸುಬ್ಬಲಕ್ಷ್ಮಮ್ಮ ಎದ್ದು ಸೀರೆ ಕೊಡವಿಕೊಳ್ಳುತ್ತ. "ಈ ಆಡಿಟ್‌ನವರು ನೋಡ್ತಾರೆ, ಬರ್ಕೋತಾರೆ, ಹೋಗ್ತಾರೆ."

ಆರುನೂರು ಜನರ ಕೆಲಸ. ಏನು ಮಾಡಿಬಿಟ್ಟೆ. ಚೈತ್ರಳ ಐದು ನಿಂಬೆಹಣ್ಣು ಅಡುಗೆಮನೆ ಕಟ್ಟೆಯ ಮೇಲಿವೆ.

ಫೆಬ್ರವರಿ 18, ಮಂಗಳವಾರ. 8.40

ಏಳು ಜನ ಕೈ ತೊಳೆಯದೆ ಬಂದಿದ್ದಾರೆ.

ಪ್ಯಾಕಿಂಗ್ ಮೇಜಿನ ಮೇಲೆ ಕಂದು ಕೈ ಸಾಲಾಗಿ ಇಟ್ಟುಕೊಂಡು ಕೂತಿದ್ದಾರೆ, ಪರೀಕ್ಷೆಗೆ ಕೂತವರ ಹಾಗೆ. ಅಚ್ಯುತ್ ಸರ್ ಬಂದು ಒಂದೊಂದೇ ಕೈ ನೋಡಿದರು.

"ನಿಂಬೆಹಣ್ಣು ಕೊಟ್ಟಿದ್ನಲ್ರಮ್ಮ."

"ಚಿತ್ರಾನ್ನ ಆಯ್ತು ಸಾರ್," ಎಂದಳು ಸುಬ್ಬಲಕ್ಷ್ಮಮ್ಮ. "ನಿಮಗೂ ಡಬ್ಬೀಲಿ ತಂದಿದೀನಿ. ಸಕ್ಕರೆ ಇಲ್ಲ, ತಿನ್ನಬಹುದು."

ಅವರು ನನ್ನ ಕಡೆ ತಿರುಗಿದರು. "ಏನ್ ಹೇಳಿಕೊಟ್ರಿ ನೀವು?"

"ಅದೇ ಕಥೆ ಸರ್. ಪೂರ್ತಿ ಹೇಳ್ದೆ."

ಬೈಯಲಿಲ್ಲ. ಏಳು ಜನ ಮನೆಗೆ ಹೋಗಿ ಎಂದರು. ಯಾರೂ ಏಳಲಿಲ್ಲ. ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್.

9.30

ಚೈತ್ರ ತೊಳೆದುಕೊಂಡು ಬಂದಿದ್ದಾಳೆ. ಐದು ಗಂಟೆಗೇ ಎದ್ದು ಉಜ್ಜಿಕೊಂಡಳು. ಬೆರಳು ಬೆಳ್ಳಗೆ, ಚರ್ಮ ಸುಲಿದಂತೆ. ಬಸ್ಸಿನಲ್ಲಿ ಹೇಳಿದಳು, "ನನ್ ಕೈ ಕಲೆ ಕಂಡ್ರೆ ಕೆಲಸದಿಂದ ಮೊದ್ಲು ನಿನ್ನನ್ನೇ ತೆಗೀತಾರೆ ಚಿಕ್ಕಮ್ಮ. ನಿಮ್ಮ ಮನೆ ಹುಡುಗಿ ಅಂತಾರೆ."

ಟ್ರೇನಿಂಗ್ ರೂಮಿನ ಗಾಜಿನಿಂದ ಪ್ಯಾಕಿಂಗ್ ಹಾಲ್ ಕಾಣುತ್ತದೆ. ಮಾತು ಕೇಳಿಸುವುದಿಲ್ಲ. ಹೊರಗೆ ಬರಬೇಡಿ ಅಂದಿದ್ದಾರೆ ನನಗೆ.

10.15

ಆಡಿಟರ್ ಹೆಂಗಸು. ಹೆಸರು ಪಂಕಜ, ಇಲ್ಲಿಗೆ ಬರುವ ಮೊದಲು ಗೇಟಿನ ರಿಜಿಸ್ಟರಿನಲ್ಲಿ ನೋಡಿದ್ದೆ. ಕಾಟನ್ ಸೀರೆ, ಕಂಕುಳಲ್ಲಿ ಫೈಲು. ಅಚ್ಯುತ್ ಸರ್ ಪಕ್ಕದಲ್ಲಿ ಮಾತಾಡುತ್ತಲೇ ಇದ್ದಾರೆ.

ಮೇಜಿನ ಹತ್ತಿರ ನಿಂತರು. ಸುಬ್ಬಲಕ್ಷ್ಮಮ್ಮನ ಕೈ ನೋಡಿದರು. ಏನೋ ಕೇಳಿದರು. ಅವಳು ನಗುತ್ತ ಉತ್ತರಿಸುತ್ತಿದ್ದಾಳೆ, ತುಟಿ ಓದಬಲ್ಲೆ — ಪ್ಯಾಕಿಂಗ್. ಚೆನ್ನಾಗಿದೀವಿ. ಕೈ ಮಾತ್ರ ಅಂಗಾತ ಮೇಜಿನ ಮೇಲೆ.

ಪಂಕಜ ಮೇಡಂ ಪೆನ್ನು ತೆಗೆದರು. ಬರೆಯುತ್ತಿಲ್ಲ. ಪಕ್ಕದ ಕೈ ನೋಡಿದರು, ಅದರ ಪಕ್ಕದ್ದು. ಅಚ್ಯುತ್ ಸರ್ ಮಾತು ನಿಲ್ಲಿಸಿದ್ದಾರೆ.

ಮೇಜಿನ ತುದಿಯಲ್ಲಿ ಚೈತ್ರ ಎದ್ದಳು. ಅವಳ ಕೈಯಲ್ಲಿ ನೋಡಲು ಏನೂ ಇಲ್ಲ. ಕೂತ್ಕೋ ಎಂದು ಗಾಜಿಗೆ ಬಡಿದೆ. ತಿರುಗಲಿಲ್ಲ. ಮೇಡಂ ಹತ್ತಿರ ಹೋಗಿ ಏನೋ ಹೇಳಿದಳು. ಸಣ್ಣ ಮಾತು. ಆಮೇಲೆ ಅವರನ್ನು ದಾಟಿ ಹಿಂದಿನ ಗೋಡೆಗೆ, ಸ್ಪ್ರೇ ರೂಮಿನ ಬಾಗಿಲಿಗೆ ಜೋಡಿಸಿದ ಪೆಟ್ಟಿಗೆಗಳ ಹತ್ತಿರ —

ಮೇಲಿನ ಪೆಟ್ಟಿಗೆ ಇಳಿಸಿದಳು. ಕೆಮ್ಮುತ್ತಿದ್ದಾಳೆ. ಎರಡನೆಯದು ಭಾರ ಇರಬೇಕು, ಎತ್ತಲಾಗುತ್ತಿಲ್ಲ. ಮೌನಿಕಾ ಎದ್ದಳು. ಸುಬ್ಬಲಕ್ಷ್ಮಮ್ಮ. ಅಚ್ಯುತ್ ಸರ್ ಅಡ್ಡ ಹೋಗುತ್ತಿಲ್ಲ, ನಿಂತೇ ಇದ್ದಾರೆ. ಇನ್ನೂ ಹದಿನೈದು ಪೆಟ್ಟಿಗೆ ಇವೆ. ಇಲ್ಲಿ ಕೂತು ಬರೆಯುತ್ತಿದ್ದೇನಲ್ಲ ನಾನು, ಎದ್ದು ಪೆಟ್ಟಿಗೆ ಇಳಿಸಲು ಹೊರಟೆ —