ತೆಂಗಿನ ಬುಡಕ್ಕೆ ದಿಬ್ಬದ ಮಣ್ಣು

ರೀ,

ಅತ್ತೆಯನ್ನು ಕರ್ಕೊಂಡು ಬೇತಮಂಗಲಕ್ಕೆ ತಂಗಿ ಮನೆಗೆ ಹೊರಟಿದ್ದೀನಿ. ಸಂಜೆ ಬಸ್ಸಿಗೆ ಬರ್ತೀವಿ. ಇಡ್ಲಿ ಪಾತ್ರೆಯಲ್ಲೇ ಇದೆ, ಮೊದಲು ತಿನ್ನಿ. ಆಮೇಲೆ ಹಿತ್ತಲು.

ತೆಂಗಿನ ಬುಡದಲ್ಲಿ ಮೇಲೆದ್ದಿರೋ ಬೇರಿಗೆ ನೀವು ಭಾನುವಾರ ಸುರಿದ ಮಣ್ಣನ್ನೆಲ್ಲ ಬೆಳಿಗ್ಗೆ ನಾನೇ ಕೆರೆದು ಚೀಲಕ್ಕೆ ತುಂಬಿದ್ದೀನಿ. ನುಣ್ಣಗಿದೆ, ಹತ್ತಿರದಲ್ಲೇ ಸಿಗುತ್ತೆ ಅಂತ ಯಾರಾದರೂ ಚಿನ್ನ ತೆಗೆದು ಗಣಿಯವರು ಸುರಿದ ಸೈನೈಡ್ ದಿಬ್ಬದ ಮಣ್ಣು ತಂದು ಮರಕ್ಕೆ ಹಾಕ್ತಾರಾ? ಊರಿಗಾಂನಲ್ಲೇ ಹುಟ್ಟಿ ಬೆಳೆದವರು ನೀವು. ಆ ದಿಬ್ಬದ ಮೇಲೆ ಒಂದು ಒಳ್ಳೆ ಗಿಡ ಬಂದಿದ್ದು ನೋಡಿದ್ದೀರಾ?

ಬೇರಿಗೆ ಮಚ್ಚು ಮಾತ್ರ ಮುಟ್ಟಿಸಬೇಡಿ. ಅತ್ತೆ ಹೊರಡುವಾಗಲೂ ಅದನ್ನೇ ಅಂದರು: "ಅವನ್ಗೇಳಮ್ಮ, ಬೇರು ಸತ್ತಿಲ್ಲ, ಮಣ್ಣು ಕೇಳ್ತಾ ಐತೆ ಅಂತ."

ತಂಗಿ ಗಂಡ ಮಂಜೇಶ್ ಮಧ್ಯಾಹ್ನ ಆಟೋದಲ್ಲಿ ಕೆರೆ ಗೋಡು ಮಣ್ಣು ತಂದುಕೊಡ್ತಾರೆ. ಕೊಟ್ಟಿಗೆ ಗೊಬ್ಬರ ಬೆರೆಸಿ, ಬೇರು ಮುಚ್ಚುವಷ್ಟು ಹರಡಿದರೆ ಸಾಕು, ಕಾಂಡದ ಸುತ್ತ ಗುಡ್ಡೆ ಏರಿಸಬೇಡಿ. ಮೇಲೆ ಒಣಗಿದ ಗರಿ ಹೊದಿಸಿ ನೀರು ಹಾಕಿ. ಮಂಜೇಶ್‌ಗೆ ಕಾಫಿ ಮಾಡಿಕೊಡಿ, ಹಾಗೇ ಕಳಿಸಿಬಿಡ್ತೀರಿ ನೀವು.

ಬಿಂದಿಗೆ ಹಿಡ್ಕೊಂಡು ನಾನು ಆ ಬೇರಿಗೆ ಎಡವಿ ಬಿದ್ದಿದ್ದಕ್ಕೇ ನೀವು ರಜೆ ದಿನ ಮಣ್ಣು ಹೊತ್ತಿದ್ದು ಅಂತ ಗೊತ್ತು. ಅದಕ್ಕೇ ಎದುರಿಗೆ ಬೈಯದೆ ಚೀಟಿಯಲ್ಲಿ ಬೈದಿದ್ದೀನಿ. ಮೊಣಕಾಲು ಈಗ ನೋಯ್ತಿಲ್ಲ.

ಚೀಲದ ಮಣ್ಣು ವಾಪಸ್ ದಿಬ್ಬಕ್ಕೇ ಹೋಗಲಿ. ನನ್ನ ಮಲ್ಲಿಗೆ ಕುಂಡಕ್ಕೆ ಹಾಕಿ ಇನ್ನೊಂದು ಉಪಕಾರ ಮಾಡಬೇಡಿ.

ಕಲಾ