ಗುಲ್ಮವಿಲ್ಲದವಳ ಜ್ವರ

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆಯಿಂದ ಪಾರ್ಲರಿನಲ್ಲಿ ನಿಂತೇ ಕೆಲಸ. ಎರಡು ಕಲರಿಂಗ್, ಮಧ್ಯೆ ಕಟ್ಟಿಂಗಿಗೆ ಕಾದು ಕುಳಿತವರು. ಹೊಸ ಕತ್ತರಿ, ಹರಿತ ಜಾಸ್ತಿ. ಎಡಗೈ ನಡುಬೆರಳಿಗೆ ತಾಗಿಸಿಕೊಂಡೆ. ಈ ಕಸುಬಿನಲ್ಲಿ ಇದು ಗಾಯವೇ ಅಲ್ಲ. ಪ್ಲಾಸ್ಟರ್ ಸುತ್ತಿ ಮುಂದಿನವರನ್ನು ಕರೆದೆ.

ಮನೆಗೆ ಬಂದರೆ ಬಾಗಿಲಲ್ಲೇ ಗುಂಡಣ್ಣ. ತಂಗಿಯ ನಾಯಿ. ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬರುವಾಗ ಅವಳು ತಂದದ್ದು ಒಂದು ಸೂಟ್‌ಕೇಸ್, ಒಂದು ನಾಯಿ. ನನ್ನ ಜೊತೆ, ಇವರ ಜೊತೆ ಆಡುವುದಕ್ಕಿಂತ ಅದರ ಜೊತೆಗೇ ಅವಳ ಮಾತು ಹೆಚ್ಚು. ಪ್ಲಾಸ್ಟರ್ ನೀರಿಗೆ ನೆನೆದು ಕಿತ್ತುಬಂದಿತ್ತು. ಗುಂಡಣ್ಣ ಬೆರಳು ನೆಕ್ಕಿದ್ದೇ ನೆಕ್ಕಿದ್ದು.

"ನೋಡು ಅಕ್ಕಾ, ಡಾಕ್ಟರ್‌ಗಿಂತ ಚೆನ್ನಾಗಿ ಡ್ರೆಸ್ಸಿಂಗ್ ಮಾಡ್ತಾನೆ!"

ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತು... ಕೈ ಎಳೆದುಕೊಳ್ಳಲಿಲ್ಲ.

ಏಪ್ರಿಲ್ 6, ಭಾನುವಾರ

ಮೈಕೈ ನೋವು. ಆಮೇಲೆ ಚಳಿ — ಹಲ್ಲು ಕಟಕಟ. ಎರಡು ಹೊದಿಕೆ ಹೊದ್ದರೂ ಬಿಡಲಿಲ್ಲ. ಇವರು ಹಣೆ ಮುಟ್ಟಿ, "ಫ್ಲೂ ಕಣೇ. ನಮ್ಮ ಆಫೀಸಲ್ಲಿ ಅರ್ಧ ಜನಕ್ಕೆ ಬಂದಿದೆ" ಎಂದರು. ಬೀದಿ ತುದಿಯ ಕ್ಲಿನಿಕ್ಕಿನ ಡಾಕ್ಟರದೂ ಅದೇ ಮಾತು. ವೈರಲ್, ರೆಸ್ಟ್ ತಗೊಳ್ಳಿ. "ಹಿಂದೆ ಏನಾದ್ರೂ ಕಾಯಿಲೆ ಇತ್ತಾ?" ಎಂದು ಕೇಳಿದರು. ಇಲ್ಲ ಎಂದೆ.

ಮನೆಗೆ ಬಂದ ಮೇಲೆ ನೆನಪಾಯಿತು. ಕಾಲೇಜಿನ ದಿನಗಳಲ್ಲಿ ಸ್ಕೂಟರಿನಿಂದ ಬಿದ್ದು ಗುಲ್ಮ, ಅದೇ ಸ್ಪ್ಲೀನ್, ಒಡೆದು ತೆಗೆದುಹಾಕಿದ್ದರಲ್ಲ... ಹೊಟ್ಟೆಯ ಎಡಗಡೆ ಉದ್ದದ ಗುರುತು. ಅದು ಕಾಯಿಲೆಯೇ? ಇಲ್ಲದಿದ್ದರೂ ಬದುಕಬಹುದು ಎಂದಿದ್ದರು ಆಗ. ಬದುಕಿಯೇ ಇದ್ದೇನೆ. ಚುಚ್ಚುಮದ್ದು ಆಗಾಗ ಹಾಕಿಸಿಕೊಳ್ಳಿ ಎಂದೂ ಹೇಳಿದ್ದರು. ಒಮ್ಮೆ ಹಾಕಿಸಿಕೊಂಡ ನೆನಪು. ಇಷ್ಟಕ್ಕೆ ಮತ್ತೆ ಎದ್ದು ಹೋಗಿ ಹೇಳುವುದೇ?

ಸಂಜೆ

ವಾಂತಿ. ಮೊಣಕಾಲಿನ ಕೆಳಗೆ ನೇರಳೆ ಚುಕ್ಕೆ. ಸೊಳ್ಳೆ ಕಚ್ಚಿರಬೇಕು. ಬರೆದ ಸಾಲು ಓಡಾಡುತ್ತಿದೆ —

ಮೇ 19, ಸೋಮವಾರ

ಮನೆ. ನನ್ನ ಹಾಸಿಗೆ. ಬಲಗೈ ಬರೆಯುತ್ತದೆ, ಸದ್ಯ.

ನನಗೆ ಏನೂ ನೆನಪಿಲ್ಲ. ಇವರು ತುಂಡುತುಂಡಾಗಿ ಹೇಳಿದ್ದು. ಆ ಸಂಜೆಯೇ ತುಟಿ ನೀಲಿಯಾಗಿ, ಕರೆದರೆ ಓಗೊಡದೆ ಬಿದ್ದಿದ್ದೆನಂತೆ. ಆಸ್ಪತ್ರೆಯಲ್ಲಿ ಇವರು ಸ್ಟ್ರೆಚರಿಗಾಗಿ ಓಡಾಡುತ್ತಿದ್ದರಂತೆ. ತಂಗಿಯೇ ಅಲ್ಲಿನ ಡಾಕ್ಟರಮ್ಮನ ತೋಳು ಹಿಡಿದು ಕಿರುಚಿದ್ದು — "ನಮ್ಮಕ್ಕಂಗೆ ಸ್ಪ್ಲೀನ್ ಇಲ್ಲ! ಕಾಲೇಜಲ್ಲಿದ್ದಾಗ್ಲೇ ತೆಗ್ದಿದಾರೆ!" ಆ ಮಾತಿಗೆ ಡಾಕ್ಟರಮ್ಮ ಓಡಿದರಂತೆ. ರಕ್ತ ಪರೀಕ್ಷೆಯ ವರದಿಗೂ ಕಾಯದೆ ಆಂಟಿಬಯೋಟಿಕ್ ಏರಿಸಿದರು.

ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಹಿಡಿದು ಸೋಸುವುದು ಗುಲ್ಮದ ಕೆಲಸ. ಕಾವಲುಗಾರನಿಲ್ಲದ ಮನೆ ನನ್ನದು. ಬೇರೆಯವರಿಗೆ ಏನೂ ಮಾಡದ ಕ್ರಿಮಿ ನನಗೆ ಯಮನಾಯಿತು.

ಜೀವ ಉಳಿಯಿತು. ರಕ್ತ ಹರಿಯದೆ ಎಡಗೈಯ ತೋರುಬೆರಳು, ನಡುಬೆರಳು ಇದ್ದಿಲಿನಂತೆ ಕಪ್ಪಾದವು. ತುದಿಯಿಂದ ಎರಡೆರಡು ಗೆಣ್ಣು ತೆಗೆದುಹಾಕಿದರು. "ಎಡಗೈ ತಾನೆ?" ಎಂದರು ಪಕ್ಕದ ಮನೆಯಾಕೆ. ಏನು ಹೇಳಲಿ. ಕತ್ತರಿ ಆಡಿಸುವುದಷ್ಟೇ ಬಲಗೈ. ಕೂದಲೆಳೆ ಎತ್ತಿ, ಆ ಎರಡು ಬೆರಳ ಸಂದಿಯಲ್ಲಿ ಬಿಗಿದು, ಇಷ್ಟು ಉದ್ದ ಎಂದು ತೋರಿಸುವುದು ಎಡಗೈ.

ಮೇ 27, ಮಂಗಳವಾರ

ಗುಂಡಣ್ಣ ಕಾಣಿಸುತ್ತಿಲ್ಲ. ಇವತ್ತು ಕೇಳಿದೆ. ಊರಾಚೆ ತೋಟವಿರುವ ಗೆಳತಿಗೆ ಕೊಟ್ಟುಬಂದಳಂತೆ ತಂಗಿ. ನಾಯಿಯ ಜೊಲ್ಲಿನಲ್ಲಿರುವ ಕ್ರಿಮಿ, ಗಾಯದ ಮೂಲಕ ಹೋಗಿರಬೇಕು ಎಂದು ಡಾಕ್ಟರಮ್ಮ ಅವಳೆದುರೇ ಹೇಳಿದ್ದರು.

"ಅಕ್ಕಾ, ಒಂದ್ ಸಲ ಬೈದ್‌ಬಿಡು. ನೀನು ಸುಮ್ನಿದ್ರೆ ನಂಗೆ ಇನ್ನೂ ಭಯ."

"ನಿಂದೇನೂ ತಪ್ಪಿಲ್ಲ ಕಣೇ."

ಬಾಯಿ ಹೇಳಿತು. ಮನಸ್ಸು ಹೇಳಲಿಲ್ಲ. ಅವಳಿಗೂ ತಿಳಿಯಿತು.

ಜೂನ್ 3, ಮಂಗಳವಾರ

ಹೋದಳು. ಹಿಂದಿನ ಬೀದಿಯಲ್ಲಿ ಒಂದು ರೂಮು ಮಾಡಿಕೊಂಡಳು ತಂಗಿ. "ತಡೀಬಾರ್ದಾ?" ಎಂದರು ಇವರು. ತಡೆಯಲಿಲ್ಲ. ನನ್ನನ್ನು ಉಳಿಸಿದವಳು ಅವಳೇ. ಅವಳ ಮುಖ ಕಂಡರೆ ಬೆರಳು ಉರಿಯುತ್ತಿದ್ದದ್ದೂ ನಿಜ. ಇಲ್ಲದ ಬೆರಳು ಉರಿಯುತ್ತದೆ ಎಂದರೆ ಯಾರು ನಂಬುತ್ತಾರೆ. ಬಾಗಿಲು ಹಾಕಿಕೊಂಡು ಅತ್ತೆ.

ಜೂನ್ 21, ಶನಿವಾರ

ಪಾರ್ಲರ್ ಬಾಗಿಲು ತೆಗೆದೆ. ಕನ್ನಡಿಗಳ ಮೇಲೆ ಧೂಳು. ಉದ್ದ ಕೂದಲಿನ ಡಮ್ಮಿ ತಲೆಯ ಮೇಲೆ ಪ್ರಯತ್ನಿಸಿದೆ — ಎಳೆ ಜಾರುತ್ತದೆ, ಹಿಡಿತವೇ ಇಲ್ಲ. ಕತ್ತರಿ ಎಸೆಯಬೇಕು ಅನ್ನಿಸಿದ ಹೊತ್ತಿಗೆ ತಂಗಿ ಒಳಗೆ ಬಂದಳು. ಮಾತಿಲ್ಲದೆ ಕುರ್ಚಿಯಲ್ಲಿ ಕೂತು, ಏಪ್ರನ್ ತಾನೇ ಕಟ್ಟಿಕೊಂಡಳು.

"ನನ್ ತಲೆ ಮೇಲೆ ಕಲಿ."

"ಕೋಪ ಇದೆ ಕಣೇ," ಎಂದೆ. ಕನ್ನಡಿಯಲ್ಲಿ ಅವಳ ಕಣ್ಣು ನೋಡಿಯೇ ಹೇಳಿದೆ. "ನಾಯಿ ಮೇಲೂ, ನಿನ್ ಮೇಲೂ. ಬೆರಳು ಚಾಚಿಕೊಂಡು ಕೂತಿದ್ದ ನನ್ ಮೇಲೂ."

"ಗೊತ್ತು. ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

ಉಂಗುರಬೆರಳು, ಕಿರುಬೆರಳಲ್ಲಿ ಎಳೆ ಹಿಡಿದೆ. ಕತ್ತರಿಸಿದೆ. ಹಿಂದಿನ ಭಾಗ ಇಲಿ ಕಡಿದ ಹಾಗಾಯಿತು. ಕೈಗನ್ನಡಿಯಲ್ಲಿ ನೋಡಿಕೊಂಡು, "ಇದಕ್ಕೆ ದುಡ್ಡು ಕೇಳಿದ್ರೆ ನೋಡು" ಎಂದಳು. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಗಿರಾಕಿಯೊಬ್ಬರು ಬಾಗಿಲವರೆಗೆ ಬಂದು ಹಾಗೇ ವಾಪಸ್ ಹೋದರು.

ಜುಲೈ 2, ಬುಧವಾರ, ಬೆಳಿಗ್ಗೆ

ಎದ್ದಾಗಲೇ ಮೈ ಬಿಸಿ. ಥರ್ಮಾಮೀಟರ್ ನೂರೊಂದು ತೋರಿಸುತ್ತಿದೆ. ಗಂಟಲು ಕೆರೆತ, ಬರೀ ನೆಗಡಿಯೇ ಇರಬಹುದು. ಸುಮ್ಮನೆ ಮಲಗೋಣ ಅನ್ನಿಸಿತು. ಸುಳ್ಳೇಕೆ ಬರೆಯಲಿ, ಅನ್ನಿಸಿತು.

ಕೂಗಿದೆ. ಇವರು ಅರ್ಧ ಗಡ್ಡ ಬೋಳಿಸಿಕೊಂಡವರು ನೊರೆ ಮೆತ್ತಿದ ಕೆನ್ನೆಯಲ್ಲೇ ಓಡಿಬಂದರು. ಜ್ವರ ಬಂದರೆ ತಕ್ಷಣ ನುಂಗಿ ಹೊರಡಬೇಕೆಂದು ಡಾಕ್ಟರಮ್ಮ ಕೊಟ್ಟಿದ್ದ ಮಾತ್ರೆ ನುಂಗಿಸಿದರು. ತಂಗಿಗೆ ಫೋನ್ ಮಾಡಿದೆ. "ಅಕ್ಕಾ, ಬರೀ ನೆಗಡಿ ಆದ್ರೆ ಬೈಸ್ಕೊಂಡು ವಾಪಸ್ ಬರೋಣ. ಚಪ್ಪಲಿ ಹಾಕ್ಕೋ, ಬಂದೆ."

ಶಾಲು ಹೊದ್ದುಕೊಂಡೆ. ಚಳಿಯೋ, ಭಯವೋ. ಕಾಲು ನೋಡಿಕೊಂಡೆ, ಚುಕ್ಕೆ ಇಲ್ಲ. ಮತ್ತೆ ನೋಡಿಕೊಂಡೆ. ಕೆಳಗೆ ಕಾರಿನ ಸದ್ದು. ಗೇಟು. ಬಂದಳು, ಮೆಟ್ಟಿಲಲ್ಲೇ ಕೂಗುತ್ತಿದ್ದಾಳೆ — "ಬರ್ದಿದ್ದು ಸಾಕು, ಮೊದ್ಲು ಆಸ್ಪತ್ರೆಗೆ ನಡಿ!"