ಯಂಕವ್ವನಿಗೆ ಅತ್ತಿಯ ಹೂ ತೋರಿಸಿದ್ದು

೧೨ ಮಾರ್ಚ್ ೧೯೬೧, ರವಿವಾರ. ಸವಣೂರು

ದಾಡಿ, ಇಸ್ತ್ರಿ ಅಂಗಿ, ಮತ್ತೆ ಕನ್ಯಾ ನೋಡಲು ಹೊರಟಿದ್ದು. ಈ ಸಲ ಹತ್ತಿಮತ್ತೂರು. ಹುಡುಗಿ ಸುಶೀಲವ್ವ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ನೇರ ನನ್ನನ್ನೇ ನೋಡಿದಳು. ತಲೆ ತಗ್ಗಿಸಿದವನು ನಾನು. ಮನಸ್ಸಿಗೆ ಬಂದಳು — ಸುಳ್ಳೇಕೆ.

ಅವಳ ಅಜ್ಜಿ ಯಂಕವ್ವನಿಗೆ ನಾನು ಹಿಡಿಸಲಿಲ್ಲ. ಎಲೆಗೆ ಸುಣ್ಣ ಸವರುತ್ತ ಅಂದಳು: “ಅತ್ತಿ ಹೂ ತೋರಸ್ರಿ ಮಾಸ್ತರ್ರ, ಹುಡುಗಿ ಕೊಡ್ತೇವಿ.”

ಎಲ್ಲರೂ ನಕ್ಕರು. ಅತ್ತಿಯ ಹೂ ಯಾರ ಕಣ್ಣಿಗೂ ಬೀಳುವುದಿಲ್ಲ, ಕಂಡವನು ರಾಜನಾಗುತ್ತಾನೆ ಎಂದು ಇಲ್ಲಿಯ ನಂಬಿಕೆ. ಅಂದರೆ ಕೊಡುವುದಿಲ್ಲ ಎಂದರ್ಥ. ತಿಳಿಯಿತು. ಆದರೆ ನಾನು ಸೈನ್ಸ್ ಮಾಸ್ತರ. “ಆಗಲ್ರಿ,” ಅಂದುಬಿಟ್ಟೆ.

೧೫ ಮಾರ್ಚ್

ಶಾಲೆಯ ಭೂತಗನ್ನಡಿ ತಂದೆ. ಬಂಕಾಪುರ ರಸ್ತೆಯ ಅತ್ತಿಮರ. ಕಾಯಿ ಕೊಯ್ದರೆ ಒಳಗೆಲ್ಲ ಹೂವೇ ಹೂವು.

ಎಳ್ಳಿಗಿಂತ ಸಣ್ಣ ಕಣಜದ ಹುಳು. ಹೆಣ್ಣು ಕಾಯಿಯ ತುದಿಯ ಬಾಗಿಲಿಂದ ತೂರುತ್ತದೆ. ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಹರಿದು ಹೋಗುತ್ತದೆ. ಒಳಗಿನ ಹೂಗಳಿಗೆ ಪರಾಗ ಹಚ್ಚಿ, ಮೊಟ್ಟೆ ಇಟ್ಟು ಸಾಯುತ್ತದೆ. ಗಂಡು ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಹೊಸ ಹೆಣ್ಣುಗಳು ಪರಾಗ ಹೊತ್ತು ಹಾರಿಹೋಗಲು ದಾರಿ ಕೊರೆದು ಸಾಯುತ್ತದೆ. ಹೊರಗಿನ ಲೋಕ ಕಾಣುವುದೇ ಇಲ್ಲ. ಪಾಪ… ಆದರೂ ಅದಕ್ಕೆ ಮದುವೆಯಾದರೂ ಆಗುತ್ತದೆ.

೧೯ ಮಾರ್ಚ್, ರವಿವಾರ

ಹತ್ತಿಮತ್ತೂರು. ಮೊದಲು ಕೊಯ್ದದ್ದು ಕೆಂಪೇರುತ್ತಿದ್ದ ಕಾಯಿ — ತಪ್ಪಾಯಿತು. ಒಳಗಿದ್ದ ಹುಳುಗಳೆಲ್ಲ ಎದ್ದು ಯಂಕವ್ವನ ಚಹಾಕ್ಕೆ ಬಿದ್ದವು.

“ಹೂ ತೋರಸ್ರಿ ಅಂದ್ರ ಹುಳಾ ತಂದೀರಲ್ರೀ!”

ಸುಶೀಲವ್ವನ ಅಪ್ಪ ಗುದ್ಲೆಪ್ಪನವರಿಗೆ ಅತ್ತಿಹಣ್ಣೆಂದರೆ ಪ್ರಾಣ. “ಹಂಗಾರ ಇಷ್ಟು ದಿನಾ ನಾ ಏನ್ ತಿಂದೆ?” ಎನ್ನುತ್ತ ಹಿತ್ತಲಿಗೆ ಓಡಿದರು. ಬಾಯಿ ಮುಕ್ಕಳಿಸುವ ಸದ್ದು ಬಹಳ ಹೊತ್ತು ಕೇಳಿಸಿತು.

ಆಮೇಲೆ ಹಸಿರು ಕಾಯಿ ಕೊಯ್ದೆ. ಅಜ್ಜಿ ಒಂದು ಕಣ್ಣು ಮುಚ್ಚಿ ಭೂತಗನ್ನಡಿಯಲ್ಲಿ ನೋಡಿದಳು. ರೆಕ್ಕೆಯ ಸಂಗತಿ ಹೇಳಿದೆ.

“ಬಾಗಲದಾಗ ರೆಕ್ಕಿ ಬಿಟ್ಟು ಒಳಗ ಹೋಗಬೇಕ? ಈ ಮನಿಗೆ ನಾ ಬಂದಂಗ ಆತಲ್ರೀ.” ಮತ್ತೊಮ್ಮೆ ಬಗ್ಗಿ ನೋಡಿದಳು. ಆಮೇಲೆ: “ಹೂ ಖರೇ. ನಂದೂ ಮಾತು ಖರೇ. ಹುಡುಗಿನ್ನ ಕೇಳ್ಕೊರ್ರಿ.”

ಸುಶೀಲವ್ವ ಭೂತಗನ್ನಡಿ ಇಸಿದುಕೊಂಡಳು. “ನಿಮ್ಮನಿ ಬಾಗಲಾ ಎಷ್ಟು ಅಗಲ ಐತ್ರಿ? ನಾ ಸಾಲಿ ಬಿಡಾಂಗಿಲ್ಲ.”

ಸೊಸೆ ಮನೆಯಲ್ಲೇ ಇರಬೇಕೆಂಬುದು ನಮ್ಮ ಅವ್ವನ ಹಟ. “ಅವ್ವನ್ನ ಕೇಳಿ ಹೇಳ್ತೇನ್ರಿ,” ಅಂದೆ. ಥೂ, ಎಂಥ ಉತ್ತರ! ನಾಚಿಕೆಯಿಂದ ಓಡಿಬಂದೆ. ಭೂತಗನ್ನಡಿ ಅವಳ ಹತ್ತಿರವೇ ಉಳಿಯಿತು. ಹೆಡ್‌ಮಾಸ್ತರರಿಗೆ ಏನು ಹೇಳಲಿ?

೨ ಏಪ್ರಿಲ್. ಹಿರೇಕೆರೂರು

ಅಂತೂ ಧೈರ್ಯ ಮಾಡಿ ಅವ್ವನ ಹತ್ತಿರ ಊರಿಗೆ ಬಂದೆ.

ಅವ್ವ: “ಆಕಿ ಸಾಲಿಗೆ ಹೋದ್ರ ರೊಟ್ಟಿ ಯಾರು ಬಡೀತಾರ?”

“ನಾ ಬಡೀತೇನಿ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಬಡದು ತೋರಸು. ಆಮ್ಯಾಲೆ ಸೊಸಿ ಎಲ್ಲಿಗರೆ ಹೋಗ್ಲಿ.”

೫ ಏಪ್ರಿಲ್. ಸವಣೂರು

ರೊಟ್ಟಿ ಹರಿಯಿತು. ಎಲ್ಲವೂ ಹರಿದವು. ನೆರೆಮನೆಯ ಹಾಜರಾಬಿ ಗೋಡೆಯಾಚೆಯಿಂದ ಕೂಗಿದಳು: “ನೀರು ಬಿಸಿ ಇರಬೇಕ್ರಿ ಮಾಸ್ತರ್!”

೭ ಏಪ್ರಿಲ್

ಬೆರಳು ಸುಟ್ಟಿತು. ಬರೆಯಲಾಗುತ್ತಿಲ್ಲ.

೯ ಏಪ್ರಿಲ್, ರವಿವಾರ

ಹಿಟ್ಟು ತರುವ ನೆಪದಲ್ಲಿ ಒಳಗೆ ಬಂದು ಬರೆಯುತ್ತಿದ್ದೇನೆ. ಹೊರಗೆ ಒಲೆಯ ಮುಂದೆ, ನನ್ನ ರೊಟ್ಟಿಯ ಪರೀಕ್ಷೆಗೆಂದೇ ಬಂದ ಅವ್ವ, ಯಂಕವ್ವ, ಸುಶೀಲವ್ವ. ಮೊದಲ ರೊಟ್ಟಿ ದುಂಡಗಾಗಲಿಲ್ಲ. ಆದರೆ ಹರಿಯಲಿಲ್ಲ! ಸುಶೀಲವ್ವ ಅದನ್ನು ಭೂತಗನ್ನಡಿ ಹಿಡಿದು ನೋಡಿದಳು. “ಹುಳಾ ಇಲ್ರಿ,” ಅಂದಳು. ಅವ್ವ ಮುರಿದು ಬಾಯಿಗಿಟ್ಟಳು. ಅಗಿದಳು.

“ಇನ್ನೊಂದು ಹಾಕು,” ಅಂದಳು.

ಇನ್ನೊಂದು ಹಾಕು ಅಂದಳು! ಅವ್ವ, ತಾನಾಗಿಯೇ! ಈಗ ಸುಶೀಲವ್ವ ಕರೆಯುತ್ತಿದ್ದಾಳೆ — “ಮಾಸ್ತರ್ರ, ಹಂಚು ಕಾದೈತಿ, ಲಗೂ ಬರ್ರಿ, ಇಲ್ಲಾಂದ್ರ ನಾನಽ…”

ಬಂದೆ, ಬಂ